ಮ್ಯಾನೇಜರುಗಳಿಗೆ ಮಾತು ಕಲಿಸಲು ಹೋಗಿ

ರೈಸ್ ಮಿಲ್ಲು, ಸಹಕಾರ ಸಂಘ, ಬೀಜದ ಕಂಪನಿ ಇಂಥ ಕಡೆಯ ಮ್ಯಾನೇಜರುಗಳಿಗೆ ಸಭೆಯಲ್ಲಿ ಎದ್ದು ನಿಂತು ಹೆದರದೆ ಮಾತಾಡುವುದನ್ನು, ಅಂದರೆ ಪ್ರೆಸೆಂಟೇಶನ್ ಕೊಡುವುದನ್ನು, ಕಲಿಸುವುದು ನನ್ನ ಕೆಲಸ. ಶಿಕಾರಿಪುರದಲ್ಲಿ ಮನೆ, ಸೊರಬದವರೆಗೂ ಓಡಾಟ. ನನ್ನ ಶಿಷ್ಯರಿಗೆ ಧೈರ್ಯ ಬರುತ್ತದೋ ಇಲ್ಲವೋ, ಹೋದ ಊರಲ್ಲೆಲ್ಲ ನನ್ನ ಮರ್ಯಾದೆ ಮಾತ್ರ ಒಂದಿಷ್ಟು ಬಿಟ್ಟು ಬರುತ್ತೇನೆ.

ಕಣ್ಣಲ್ಲಿ ಕಣ್ಣಿಟ್ಟು

ಶಿಕಾರಿಪುರದ ಒಂದು ರೈಸ್ ಮಿಲ್ಲಿನ ಮ್ಯಾನೇಜರು ಬಲು ಸಂಕೋಚದ ಮನುಷ್ಯ. ಮಾತಾಡುವಾಗ ನೆಲ ನೋಡುತ್ತಿದ್ದರು. "ತಲೆ ಎತ್ರಿ. ಒಬ್ಬರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ರಿ, ಧೈರ್ಯ ತಾನೇ ಬರ್ತದೆ" ಎಂದೆ. ಸ್ವಲ್ಪ ಹೊತ್ತಾದ ಮೇಲೆ ಬೇರೆಯವರ ಕಡೆ ತಿರುಗಬೇಕು ಎಂದು ಹೇಳುವುದನ್ನು ಮರೆತೆ.

ಪ್ರೆಸೆಂಟೇಶನ್ ದಿನ ಅವರು ಕಣ್ಣು ನೆಟ್ಟಿದ್ದು ನೇರ ಮಾಲೀಕರ ಮೇಲೆ. ಮಿಲ್ಲಿಗೆ ಹೊಸ ಯಂತ್ರ ಯಾಕೆ ಬೇಕು ಎಂಬುದನ್ನು ರೆಪ್ಪೆ ಮಿಟುಕಿಸದೆ ಹೇಳುತ್ತಾ ಹೋದರು. ಮಾಲೀಕರು ಕುರ್ಚಿ ಸರಿಸಿ ಕೂತರು, ಮ್ಯಾನೇಜರ ನೋಟವೂ ಅತ್ತಲೇ ಸರಿಯಿತು. ನೀರು ಕುಡಿದರು, ಲೋಟ ಇಳಿಸುವಾಗ ಆ ಕಣ್ಣುಗಳು ಅಲ್ಲೇ ಇದ್ದವು. ಕೊನೆಗೆ ಮಾಲೀಕರು, "ಆಯ್ತು, ಯಂತ್ರ ತಗೊಳ್ರಿ" ಎಂದು ಎದ್ದೇ ಬಿಟ್ಟರು.

ಗೆದ್ದೆ ಎಂದು ಬೀಗುತ್ತಾ ಹೊರಗೆ ಬಂದೆ. ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. "ಏನ್ರೀ ಮೇಷ್ಟ್ರೇ, ಮಾತು ಕಲಿಸ್ತೀರಿ ಅಂತ ಅವನನ್ನ ನಿಮ್ಮ ಹತ್ರ ಕಳಿಸಿದ್ದೆ. ವಶೀಕರಣ ಯಾವಾಗ ಶುರು ಮಾಡಿದ್ರಿ?"

ಒಂದು ಮೌನ

ಸೊರಬ ಕಡೆಯ ಒಂದು ಸಹಕಾರ ಸಂಘದ ಮ್ಯಾನೇಜರಮ್ಮನಿಗೆ ವಾರ್ಷಿಕ ಸಭೆಯ ಚಿಂತೆ. ಗೊಬ್ಬರ ಬರುವುದು ತಡವಾಗುತ್ತದೆ ಎಂದು ರೈತರಿಗೆ ಹೇಳಬೇಕಿತ್ತು. "ಮುಖ್ಯ ವಿಷಯಕ್ಕೆ ಮುಂಚೆ ಸುಮ್ಮನೆ ನಿಂತು ದೀರ್ಘವಾಗಿ ಉಸಿರೆಳೆದುಕೊಳ್ಳಿ. ಸಭೆ ಕಿವಿಯಾಗುತ್ತದೆ" ಎಂದು ಸಲಹೆ ಕೊಟ್ಟೆ.

ಅವರು ಹಾಗೇ ಮಾಡಿದರು. "ಗೊಬ್ಬರದ ಬಗ್ಗೆ ನಿಮಗೊಂದು ಮಾತು ಹೇಳಬೇಕು" ಎಂದು ನಿಲ್ಲಿಸಿ ಉಸಿರೆಳೆದರು. ವಂದನಾರ್ಪಣೆ ಮಾಡಬೇಕಿದ್ದ ನಿರ್ದೇಶಕರಿಗೆ ಹಸಿವಾಗಿತ್ತೋ ಏನೋ, ಭಾಷಣ ಮುಗಿಯಿತೆಂದು ಮೈಕು ಹಿಡಿದರು. ಶಾಮಿಯಾನ ಹಾಕಿದವರವರೆಗೂ ಎಲ್ಲರಿಗೂ ವಂದಿಸಿ, "ಊಟ ಮಾಡಿಕೊಂಡೇ ಹೋಗಬೇಕು" ಎಂದರು. ಸಭೆ ಕ್ಷಣದಲ್ಲಿ ಖಾಲಿ.

ಮ್ಯಾನೇಜರಮ್ಮನಿಗೆ ಸಮಾಧಾನ ಹೇಳೋಣವೆಂದು ನೋಡಿದರೆ ಅವರು ಆಗಲೇ ಊಟದ ಕಡೆ ನಡೆದಿದ್ದರು. ನಾನೂ ತಟ್ಟೆ ಹಿಡಿದು ಸಾಲಲ್ಲಿ ನಿಂತೆ. ಹಿಂದಿದ್ದವರೊಬ್ಬರು, "ಗೊಬ್ಬರದ್ದು ಏನೋ ಹೇಳ್ತಿದ್ರಲ್ಲ, ಎಂತದು ಮಾರಾಯ್ರೆ?" ಎಂದರು. ನಾನು ಮಾತಿನ ಮೇಷ್ಟ್ರಲ್ಲವೇ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ವಿವರಿಸಿದೆ. ಊಟ ಮುಗಿಯುವವರೆಗೂ ರೈತರಿಂದ ಬೈಸಿಕೊಂಡವನು ನಾನು. ಮ್ಯಾನೇಜರಮ್ಮ ನಗುನಗುತ್ತಾ ಪಾಯಸ ಬಡಿಸುತ್ತಿದ್ದರು.

ಹೂವಿನ ವೇದಿಕೆ

ಇನ್ನೊಮ್ಮೆ, ಸೊರಬದ ಒಂದು ಸಮುದಾಯ ಭವನದಲ್ಲಿ ಹೊಸ ಮ್ಯಾನೇಜರುಗಳಿಗೆ ತರಬೇತಿ. ಬಸ್ಸು ತಡವಾಗಿ ಓಡೋಡಿ ಹೋದೆ. ಬಾಗಿಲಲ್ಲಿದ್ದ ಹಿರಿಯರು ಕೈಮುಗಿದು, "ಬನ್ನಿ ಬನ್ನಿ, ನಿಮಗೇ ಕಾಯ್ತಿದ್ವಿ" ಎಂದು ಒಳಗೆ ಕರೆದೊಯ್ದರು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವರು ಸಾಲಾಗಿ ಕೂತಿದ್ದರು, ಯಾರ ಮುಖದಲ್ಲೂ ನಗುವಿಲ್ಲ. ತರಬೇತಿಗೆ ಬಂದವರ ಮುಖ ಹೀಗೇ ಇರುತ್ತದೆ. ವೇದಿಕೆಯ ತುಂಬ ಸೇವಂತಿಗೆ ಮಾಲೆ. ಇವರಿಗಾದರೂ ನನ್ನ ಯೋಗ್ಯತೆ ಗೊತ್ತಾಯಿತಲ್ಲ ಎಂದು ಹಿಗ್ಗಿದೆ. ಮುಂದಿನ ಸಾಲಲ್ಲಿ ಹೊಸ ಕೋಟು ತೊಟ್ಟ ಯುವಕನೊಬ್ಬ ಬೆವರುತ್ತಿದ್ದ. ಎಲ್ಲರಿಗಿಂತ ಹೆದರಿದ ಮ್ಯಾನೇಜರು ಇವನೇ ಎಂದುಕೊಂಡು ಅವನನ್ನೇ ನೋಡಿ ಶುರು ಮಾಡಿದೆ.

"ಹೆದರಬೇಡಿ. ನಿಮ್ಮನ್ನು ನೋಡೋಕೆ ಕೂತವರು ನಿಮ್ಮ ಶತ್ರುಗಳಲ್ಲ. ಮೊದಮೊದಲು ಗಂಟಲು ಒಣಗ್ತದೆ, ಆಮೇಲೆ ರೂಢಿ ಆಗ್ತದೆ."

ಸಭೆ ತಲೆದೂಗಿತು.

"ಎದುರಿಗಿದ್ದವರು ಸುಮ್ಮನಿದ್ದಾರೆ ಅಂದ್ರೆ ಒಪ್ಪಿದ್ದಾರೆ ಅಂತ ತಿಳ್ಕೋಬೇಡಿ."

ಹಿಂದಿನ ಸಾಲಿನ ಗಂಡಸರು ಚಪ್ಪಾಳೆ ತಟ್ಟಿದರು.

"ಅವರು ಪ್ರಶ್ನೆ ಕೇಳಿದಾಗ ಸಿಟ್ಟಾಗಬೇಡಿ. ಸುಳ್ಳು ಹೇಳಿ ಸಿಕ್ಕಿಬೀಳಬೇಡಿ."

ಒಬ್ಬ ಹೆಂಗಸು ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿ, "ಕೇಳಿಸ್ತಾ?" ಎಂದರು. ಇಷ್ಟು ಮನಸ್ಸಿಟ್ಟು ಕೇಳುವ ತಂಡ ನನಗೆ ಅಲ್ಲಿಯವರೆಗೆ ಸಿಕ್ಕಿರಲೇ ಇಲ್ಲ.

"ಯಾರಿಗಾದ್ರೂ ಅನುಮಾನ ಇದ್ರೆ ಕೇಳಿ" ಎಂದೆ.

ಒಬ್ಬ ಅಜ್ಜ ಎದ್ದು ನಿಂತರು. "ಎಲ್ಲ ಸರಿ ಮಾರಾಯ್ರೆ. ಹುಡುಗೀನ ಯಾವಾಗ ಕರೀತೀರಿ?"

ಆಗ ನೋಡಿಕೊಂಡೆ. ನಾನು ಲ್ಯಾಪ್‌ಟಾಪ್ ಇಟ್ಟಿದ್ದು ತಾಂಬೂಲದ ತಟ್ಟೆಗಳ ನಡುವೆ. ಅದು ನಿಶ್ಚಿತಾರ್ಥ. ನನ್ನ ತರಬೇತಿ ಇದ್ದದ್ದು ಮೇಲಿನ ಮಹಡಿಯಲ್ಲಿ. ಹೆಣ್ಣಿನ ಕಡೆಯವರು ನನ್ನನ್ನು ಗಂಡಿನ ಸೋದರಮಾವ ಅಂದುಕೊಂಡಿದ್ದರು. ಗಂಡಿನ ಕಡೆಯವರು ಹೆಣ್ಣಿನ ದೊಡ್ಡಪ್ಪ ಅಂದುಕೊಂಡಿದ್ದರು. "ನಾನು ಯಾರೂ ಅಲ್ಲ, ಮೇಲೆ ನನ್ನ ಕ್ಲಾಸಿದೆ" ಎಂದು ತೊದಲಿದೆ.

ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಬಾಗಿಲ ಕಡೆ ಹೆಜ್ಜೆ ಹಾಕಿದೆ. ಕೋಟಿನ ಯುವಕ, ಅಂದರೆ ಮದುವೆಯ ಗಂಡು, ಹಿಂದೆಯೇ ಬಂದು ನನ್ನ ತೋಳು ಹಿಡಿದ. ಸುತ್ತ ನೋಡಿ ಪಿಸುಗುಟ್ಟಿದ.

"ಸರ್, ಮೇಲಿನ ಕ್ಲಾಸಲ್ಲಿ ಒಂದು ಕುರ್ಚಿ ಖಾಲಿ ಇದ್ರೆ, ನಾನೂ ಬಂದ್‌ಬಿಡ್ಲಾ?"