ಧಕ್ಕಾ ಗಾಡಿಯ ಸಮುದ್ರೋಲ್ಲಂಘನ

ಸರ್ಕಾರಿ ಕಚೇರಿಯಲ್ಲಿ ಹದಿನೆಂಟು ವರ್ಷ ಕುರ್ಚಿ ಸವೆಸಿದವನಿಗೆ ಸ್ವಂತ ಬುದ್ಧಿಯಿಂದ ಒಂದು ತೀರ್ಮಾನ ತೆಗೆದುಕೊಳ್ಳಲು ಬರುವುದಿಲ್ಲ ಎಂಬುದನ್ನು ನಾನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಮುಂದೆ ಯಾವುದೇ ವಿಷಯ ಬರಲಿ, ಅದಕ್ಕೊಂದು ಫೈಲು ಬೇಕು, ಫೈಲಿಗೊಂದು ದಾರ ಬೇಕು, ಕೆಳಗಿನವರ ಟಿಪ್ಪಣಿ ಬೇಕು, ಮೇಲಿನವರ ಸಹಿ ಬೇಕು. ನಡುವೆ ನಾನು ‘ಪರಿಶೀಲಿಸಲಾಗಿದೆ’ ಎಂದು ಬರೆದು ನೆಮ್ಮದಿಯಾಗಿ ಚಹಾ ಕುಡಿಯಬಲ್ಲೆ. ನನ್ನ ಮದುವೆಯೂ ಹೀಗೇ ನಡೆದದ್ದು. ಹುಡುಗಿಯನ್ನು ಪರಿಶೀಲಿಸಿದವನು ನಾನು, ಮಂಜೂರು ಮಾಡಿದವರು ನಮ್ಮ ಅಪ್ಪ. ಹಾಗಾಗಿ ನಾಗಪುರದ ಸಿವಿಲ್ ಲೈನ್ಸಿನ ಕಚೇರಿಯಿಂದ ನನ್ನನ್ನು ಅಂಡಮಾನಿನ ಪೋರ್ಟ್ ಬ್ಲೇರಿಗೆ ವರ್ಗ ಮಾಡಿದ ಆದೇಶ ಕೈಗೆ ಬಂದಾಗ ನಾನು ಸಮುದ್ರಕ್ಕೂ ಹೆದರಲಿಲ್ಲ, ದೂರಕ್ಕೂ ಹೆದರಲಿಲ್ಲ. ನಮ್ಮ ಕಾರನ್ನು ಜೊತೆಗೆ ಒಯ್ಯಬೇಕೋ, ಇಲ್ಲೇ ಮಾರಬೇಕೋ ಎಂಬುದನ್ನು ನಾನೇ ತೀರ್ಮಾನಿಸಬೇಕಲ್ಲ ಎಂದು ಹೆದರಿದೆ.

ಕಾರು ಎಂದ ಕೂಡಲೇ ನೀವು ಏನೇನೋ ಕಲ್ಪಿಸಿಕೊಳ್ಳಬಾರದು. ನನಗಿಂತ ಮೊದಲು ಅದನ್ನು ಮೂವರು ಆಳಿದ್ದರು. ಬಣ್ಣ ದೊಡ್ಡಪತ್ರೆ ಎಲೆಯದು, ಅದೂ ಒಂದು ಕಡೆ ಬಾಡಿದ್ದು. ಹಿಂದಿನ ಎಡಬಾಗಿಲನ್ನು ಹೊರಗಿನಿಂದ ಮಾತ್ರ ತೆಗೆಯಬಹುದಾಗಿತ್ತು, ಆದ್ದರಿಂದ ಅಲ್ಲಿ ಕುಳಿತ ನೆಂಟರು ನಾವು ಇಳಿಸಿದಾಗಲೇ ಇಳಿಯಬೇಕು. ಹಾರ್ನು ಚೆನ್ನಾಗಿತ್ತು. ಎಂಜಿನ್ನೂ ಚೆನ್ನಾಗಿತ್ತು, ಒಮ್ಮೆ ಶುರುವಾದರೆ ಪಕ್ಕದೂರು ಕಾಮ್ಠಿಗೆ ಹೋಗಿ ಬರುವವರೆಗೂ ಸದ್ದಿಲ್ಲದೆ ಓಡುತ್ತಿತ್ತು. ಶುರುವಾಗುವುದೊಂದೇ ಅದಕ್ಕೆ ಗೊತ್ತಿರಲಿಲ್ಲ. ಅದರ ‘ಸೆಲ್ಫ್’ ಯಾವ ಕಾಲದಲ್ಲೋ ತೀರಿಕೊಂಡಿತ್ತು. ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಂದು ಸಲ ಅಂದು ಸುಮ್ಮನಾಗುತ್ತಿತ್ತು. ಹಿಂದಿನಿಂದ ಜನ ತಳ್ಳಬೇಕು, ನಾನು ಎರಡನೇ ಗೇರಿನಲ್ಲಿ ಕ್ಲಚ್ ಬಿಡಬೇಕು, ಅದು ಒಮ್ಮೆ ಬಿಕ್ಕಳಿಸಿ ಮುಂದೆ ಜಿಗಿಯಬೇಕು. ನಮ್ಮ ಕ್ವಾರ್ಟರ್ಸಿನವರು ಅದಕ್ಕೆ ‘ಧಕ್ಕಾ ಗಾಡಿ’ ಎಂದೇ ಹೆಸರಿಟ್ಟಿದ್ದರು.

ಈ ಧಕ್ಕಾದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಗದಗಿನಿಂದ ನಾಗಪುರಕ್ಕೆ ಬಂದ ಮೊದಲ ಆರು ತಿಂಗಳು ನನ್ನ ಹೆಂಡತಿ ಗಿರಿಜೆ ಯಾರೊಂದಿಗೂ ಮಾತಾಡಿರಲಿಲ್ಲ. ಅವಳಿಗೆ ಮರಾಠಿ ಬಾರದು, ಹಿಂದಿ ಬಾರದು. ನೆರೆಯವರಿಗೆ ಕನ್ನಡ ಬಾರದು. ನಾನು ಕಚೇರಿಯಿಂದ ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಿದ್ದು, ಬೆಳಗಿನಿಂದ ಕೂಡಿಟ್ಟ ಮಾತನ್ನೆಲ್ಲ ನನ್ನ ಮೇಲೆ ಸುರಿಯುತ್ತಿದ್ದಳು. ಕೆಲವು ದಿನ ಅದೂ ಇಲ್ಲ, ಸುಮ್ಮನೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಲಾರದೆಯೇ ನಾನು ಕಚೇರಿಯವರ ಮಾತು ಕೇಳಿ ಕಾರು ಕೊಂಡದ್ದು, ಸಂಜೆ ಎಲ್ಲಾದರೂ ಸುತ್ತಾಡಿಸೋಣವೆಂದು. ಮೊದಲ ದಿನವೇ ಅದು ಅಂಗಳದಲ್ಲಿ ಕದಲದೆ ನಿಂತಿತು. ಪಕ್ಕದ ಮನೆಯ ವಾನಖೇಡೆ ಕಾಕಾ ಬನಿಯನ್ನಿನಲ್ಲೇ ಬಂದರು. ಅವರ ಹಿಂದೆ ಇನ್ನೂ ಆರು ಜನ ಬಂದರು. ತಳ್ಳಿದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಗಿರಿಜೆ ಚಹಾ ಕೊಟ್ಟಳು. ಮರುದಿನ ಚಹಾದ ಜೊತೆ ಗಿರ್ಮಿಟ್ ಮಾಡಿಟ್ಟಳು. ಮಂಡಕ್ಕಿಗೆ ಒಗ್ಗರಣೆ ಹಾಕಿದ ಆ ನಮ್ಮೂರ ತಿಂಡಿಗೆ ವಿದರ್ಭದ ಏಳು ಗಂಡಸರು ಹೇಗೆ ಶರಣಾದರೆಂದರೆ, ಭಾನುವಾರ ನಾನು ಕಾರು ತೆಗೆಯದಿದ್ದರೆ ಅವರೇ ಬಂದು ವಿಚಾರಿಸುತ್ತಿದ್ದರು. ಅವರ ಹಿಂದೆ ಅವರ ಹೆಂಡಿರೂ ಬಂದರು. ಗಿರಿಜೆ ಕಲಿತ ಮೊಟ್ಟಮೊದಲ ಮರಾಠಿ ಮಾತು ‘ಅಜೂನ್ ಥೋಡಂ’, ಅಂದರೆ ‘ಇನ್ನೂ ಸ್ವಲ್ಪ’. ಮೆಟ್ಟಿಲ ಮೇಲೆ ನಿಂತು ಅವಳು ಅದನ್ನು ಕೂಗದೆ ನಮ್ಮ ಕಾರು ಎಂದೂ ಶುರುವಾಗಿಲ್ಲ. ಆರು ವರ್ಷದಲ್ಲಿ ಅವಳು ಮರಾಠಿಯಲ್ಲಿ ಜಗಳವಾಡುವಷ್ಟು ಪಳಗಿದ್ದಳು.

ಈಗ ವರ್ಗದ ಆದೇಶ. ನಿಯಮದ ಪ್ರಕಾರ ವಾಹನ ಒಯ್ಯಲು ಅಡ್ಡಿಯಿರಲಿಲ್ಲ. ನಾಗಪುರದಿಂದ ಮದ್ರಾಸಿಗೆ ಲಾರಿ, ಮದ್ರಾಸಿನಿಂದ ಹಡಗು. ನಾನು ಕಚೇರಿಯಿಂದ ಒಂದು ಹಳೇ ಫೈಲಿನ ರಟ್ಟು ತಂದು, ಮನೆಯ ಫೈಲಾದ್ದರಿಂದ ಕನ್ನಡದಲ್ಲೇ ‘ವಿಷಯ: ವಾಹನವನ್ನು ದ್ವೀಪಕ್ಕೆ ಸಾಗಿಸುವುದು ಅಥವಾ ವಿಲೇವಾರಿ ಮಾಡುವುದು’ ಎಂದು ಬರೆದು ದಾರ ಕಟ್ಟಿದೆ. ಸೇವೆಯಲ್ಲಿ ಇಷ್ಟು ಉತ್ಸಾಹದಿಂದ ನಾನು ಯಾವ ಫೈಲನ್ನೂ ತೆರೆದವನಲ್ಲ. ಮೊದಲು ಅದನ್ನು ಪೋರ್ಟ್ ಬ್ಲೇರಿನಲ್ಲಿ ಎರಡು ವರ್ಷ ಇದ್ದು ಬಂದ ಸಹೋದ್ಯೋಗಿಯೊಬ್ಬರಿಗೆ ಅಭಿಪ್ರಾಯಕ್ಕಾಗಿ ಕಳಿಸಿದೆ. ಅವರು ‘ಉಪ್ಪುಗಾಳಿಗೆ ತಗಡು ಉಳಿಯುವುದಿಲ್ಲ, ಊರಿಡೀ ಏರಿಳಿತ, ಬ್ರೇಕು ನೋಡಿಕೊಳ್ಳಿ’ ಎಂದು ಬರೆದರು. ಅದನ್ನು ಓದಿ ನನಗೆ ಆನಂದವೇ ಆಯಿತು. ಊರಿಡೀ ಇಳಿಜಾರಾದರೆ ಧಕ್ಕಾ ಕೊಡುವವರು ಯಾಕೆ ಬೇಕು? ದೇವರು ಈ ಕಾರನ್ನು ಮಾಡಿದ್ದೇ ಆ ಊರಿಗೆ, ತಪ್ಪಿ ನಾಗಪುರದ ಚಪ್ಪಟೆ ನೆಲಕ್ಕೆ ಬಂದಿದೆ ಎಂದು ನಾಲ್ಕು ಪುಟದ ಟಿಪ್ಪಣಿ ಬರೆದು, ಅಂತಿಮ ಆದೇಶಕ್ಕಾಗಿ ಗಿರಿಜೆಗೆ ಮಂಡಿಸಿದೆ.

ಗಿರಿಜೆ ಫೈಲನ್ನು ತೆರೆಯದೆ ಬಾಯಲ್ಲೇ ಆದೇಶ ಹೊರಡಿಸಿದಳು. “ಏನ್ರೀ, ನಿಮಗ ತಲಿ ನೆಟ್ಟಗೈತೋ ಇಲ್ಲೋ? ಇಲ್ಲೇ ಕಾಯಿಪಲ್ಲೆ ಪೇಟೆಗೆ ಹೋಗಾಕ ಏಳು ಮಂದಿ ಬೇಕು. ಅದನ್ನ ಸಮುದ್ರ ದಾಟಿಸಿ ಏನ್ ಮಾಡ್ತೀರಿ? ಮಾರಿ ಕೈ ತೊಳಕೊಳ್ಳ್ರಿ.”

“ಬಾಯಿಮಾತು ನಡಿಯಂಗಿಲ್ಲ, ಬರದು ಕೊಡು,” ಎಂದೆ.

“ಸಾಮಾನು ಕಟ್ಟೂದು ಮುಗೀಲಿ, ಬರೀತೀನಿ,” ಎಂದು ಅವಳು ಫೈಲನ್ನು ತೊಗರಿಬೇಳೆಯ ಡಬ್ಬಿಯ ಕೆಳಗೆ ಇಟ್ಟಳು. ಹದಿನೈದು ದಿನ ಅದು ಅಲ್ಲಿಂದ ಅಲುಗಲಿಲ್ಲ. ನನ್ನ ಸರ್ವಿಸಿನಲ್ಲಿ ನಾನು ಎಷ್ಟು ಜನರ ಫೈಲುಗಳನ್ನು ಹೀಗೆ ಒತ್ತಿ ಇಟ್ಟಿದ್ದೆನೋ, ಅವರೆಲ್ಲರ ಶಾಪ ಆ ಡಬ್ಬಿಯ ರೂಪದಲ್ಲಿ ಬಂದು ಕುಳಿತಿತ್ತು. ಇತ್ತ ಹಡಗಿನಲ್ಲಿ ಜಾಗ ಕಾದಿರಿಸುವ ದಿನ ಹತ್ತಿರ ಬರುತ್ತಿತ್ತು. ಗಿರಿಜೆಯೂ ಮೊದಲಿನಂತೆ ಮಾತಾಡುತ್ತಿರಲಿಲ್ಲ. ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಸುತ್ತುತ್ತ ಒಮ್ಮೆ, “ಅಲ್ಲಿ ಮಂದಿ ಯಾವ ಭಾಷೆ ಆಡ್ತಾರ್ರಿ?” ಎಂದು ಕೇಳಿದಳು. ಬಂಗಾಳಿ, ತಮಿಳು, ಮಲಯಾಳ, ಹಿಂದಿ ಎಲ್ಲವೂ ಇದೆಯಂತೆ ಎಂದೆ. “ಮತ್ತ ಮೊದಲಿಂದ ಶುರು ಮಾಡಬೇಕು ಹಂಗಾದ್ರ,” ಎಂದು ಸುತ್ತುವುದನ್ನು ಮುಂದುವರಿಸಿದಳು. ಆ ಮಾತು ನನ್ನ ಎದೆಗೆ ತಾಗಿತು. ಆದರೆ ಅದಕ್ಕೂ ಕಾರಿನ ಫೈಲಿಗೂ ಏನು ಸಂಬಂಧವೆಂದು ನನಗೆ ಹೊಳೆಯಲಿಲ್ಲ.

ಕೊನೆಗೆ ನಾನೇ ಸೋತು ಇತವಾರಿ ಪೇಟೆಯ ಕಬ್ಬಿಣದ ಸಾಮಾನಿನ ಸೇಠ್‌ಜಿಯೊಬ್ಬರಿಗೆ ಕಾರು ತೋರಿಸಲು ಒಪ್ಪಿದೆ. ಅವರು ಭಾನುವಾರ ಬೆಳಿಗ್ಗೆ ಬಂದರು. ಕಾರಿನ ಸುತ್ತ ಎರಡು ಸಲ ತಿರುಗಿ, ಬಾಗಿಲನ್ನು ಬೆರಳಿನಿಂದ ಬಡಿದು ನೋಡಿ, ಹಿಂದಿನ ಸೀಟು ಕಿತ್ತರೆ ಮೊಳೆಯ ಚೀಲ ಎಷ್ಟು ಹಿಡಿಯುತ್ತವೆ ಎಂದು ಲೆಕ್ಕ ಹಾಕಿದರು. ಆಮೇಲೆ ಓಡಿಸಿ ನೋಡಲು ಕುಳಿತರು. ಅಭ್ಯಾಸಬಲದಿಂದ ಏಳೂ ಜನ ಬಂದು ಹಿಂದೆ ನಿಂತರು. ಆದರೆ ಆ ದಿನ ಯಾರ ಕೈಯಲ್ಲೂ ಬಲವಿರಲಿಲ್ಲ. ವಾನಖೇಡೆ ಕಾಕಾ ಕಾರಿಗೆ ಕೈ ತಾಗಿಸಿದ್ದರೇ ಹೊರತು ತಳ್ಳುತ್ತಿರಲಿಲ್ಲ, ನಾನು ಕಣ್ಣಾರೆ ಕಂಡೆ. ಎಲ್ಲರೂ ಮೆಟ್ಟಿಲ ಕಡೆ ನೋಡಿದರು. ಗಿರಿಜೆ ಅಲ್ಲಿ ನಿಂತಿದ್ದಳು, ಆದರೆ ‘ಅಜೂನ್ ಥೋಡಂ’ ಎನ್ನಲಿಲ್ಲ. ಒಳಗೆ ಹೋಗಿ, ಬೇಳೆಯ ಧೂಳು ಕೊಡವುತ್ತ ಫೈಲು ಹಿಡಿದು ಬಂದಳು.

“ಸೇಠ್‌ಜಿ, ಗಾಡಿ ವಿಕಾಯಚೀ ನಾಹೀ,” ಎಂದಳು. ಗಾಡಿ ಮಾರುವುದಿಲ್ಲ ಎಂದು ಮರಾಠಿಯಲ್ಲಿ ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ಕೇಳಿ ಸೇಠ್‌ಜಿ ಕೂಡಲೇ ಇಳಿದರು. ಫೈಲಿನಲ್ಲಿ, ನನ್ನ ನಾಲ್ಕು ಪುಟದ ಕೆಳಗೆ, ಅವಳ ಗುಂಡಗಿನ ಅಕ್ಷರದಲ್ಲಿ ಎರಡೇ ಸಾಲಿತ್ತು: ‘ಗಾಡಿ ಒಯ್ಯೋಣ. ಇದು ಇಲ್ಲದಿದ್ದರೆ ಅಲ್ಲಿ ನಮ್ಮನ್ನು ಯಾರು ಮಾತಾಡಿಸುತ್ತಾರೆ?’ ನಾನು ಇಳಿಜಾರಿನ ಬಗ್ಗೆ, ತಗಡಿನ ಬಗ್ಗೆ, ನಿಯಮದ ಬಗ್ಗೆ ಎಲ್ಲ ಬರೆದಿದ್ದೆ. ಅಸಲು ವಿಷಯವನ್ನೇ ಬರೆದಿರಲಿಲ್ಲ.

ಆ ದಿನದ ಗಿರ್ಮಿಟ್ಟಿಗೆ ಸೇಠ್‌ಜಿಯೂ ಉಳಿದರು.

ಹೊರಡುವ ಹಿಂದಿನ ದಿನ ನಮ್ಮ ಮೆಕ್ಯಾನಿಕ್ ಇಸ್ಮಾಯಿಲ್ ಮಿಸ್ತ್ರಿ ಬಂದ. ಆರು ವರ್ಷದಿಂದ ಸೆಲ್ಫ್ ರಿಪೇರಿ ಮಾಡೆಂದರೆ “ಪಾರ್ಟ್ ಸಿಗೋದಿಲ್ಲ ಸಾಹೇಬ್” ಎನ್ನುತ್ತಿದ್ದವನು, ಅಂದು ಇತವಾರಿಯ ಗುಜರಿಗಳನ್ನೆಲ್ಲ ಜಾಲಾಡಿ ಪಾರ್ಟು ತಂದು, ಮಧ್ಯಾಹ್ನವೆಲ್ಲ ಕಾರಿನ ಕೆಳಗೆ ಮಲಗಿ ಕೂಡಿಸಿದ. ಬೇಡವೆಂದರೂ ಕೇಳಲಿಲ್ಲ. ಇದು ತನ್ನ ಕಡೆಯ ಉಡುಗೊರೆ ಎಂದ. ಮರುದಿನ ಬೆಳಿಗ್ಗೆ ಕಾರನ್ನು ಲಾರಿಗೆ ಏರಿಸಲು ಒಯ್ಯಬೇಕಿತ್ತು. ಏಳೂ ಜನ ಅಂಗಿಯ ತೋಳು ಮಡಚಿ ಹಿಂದೆ ನಿಂತರು. ನಾನು ಕೀಲಿ ತಿರುಗಿಸಿದೆ. ಕಾರು ಒಂದೇ ಸಲಕ್ಕೆ ಗುರ್ ಎಂದಿತು! ಯಾರೂ ಚಪ್ಪಾಳೆ ತಟ್ಟಲಿಲ್ಲ. ವಾನಖೇಡೆ ಕಾಕಾ ತಮ್ಮ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡು, “ಆತಾ ಆಮಚಂ ಕಾಯ್ ಕಾಮ್?” ಎಂದರು. ಇನ್ನು ನಮಗೇನು ಕೆಲಸ ಎಂದು ಅವರು ಕೇಳಿದ್ದು ತಮಾಷೆಗೇ, ಆದರೆ ಗಿರಿಜೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಎಂಜಿನ್ ಆರಿಸಿ, ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, “ಕಾಕಾ, ಧಕ್ಕಾ ಮಾರೋ!” ಎಂದೆ. ಗೇಟಿನವರೆಗೆ ತಳ್ಳಿಕೊಂಡೇ ಹೋದರು.

ಮದ್ರಾಸಿನ ಬಂದರಿನಲ್ಲಿ ನಮ್ಮ ಕಾರಿಗೆ ಸಿಕ್ಕ ಮರ್ಯಾದೆಯನ್ನು ನಾನು ಜನ್ಮದಲ್ಲಿ ಮರೆಯಲಾರೆ. ನಾಲ್ಕು ಚಕ್ರಕ್ಕೂ ಬಲೆ ಕಟ್ಟಿ, ಕ್ರೇನಿನಿಂದ ಅದನ್ನು ಮೇಲಕ್ಕೆತ್ತಿದರು. ದೊಡ್ಡಪತ್ರೆ ಬಣ್ಣದ ನಮ್ಮ ಧಕ್ಕಾ ಗಾಡಿ ಆಕಾಶದಲ್ಲಿ ನಿಧಾನವಾಗಿ ತಿರುಗುತ್ತ ಹೋಗುವಾಗ, ಕೆಳಗಿದ್ದವರೆಲ್ಲ ಕತ್ತೆತ್ತಿ ನೋಡಿದರು. ಕಚೇರಿಯಲ್ಲಿ ನನಗೆ ಒಂದೇ ಒಂದು ಬಡ್ತಿ ಸಿಕ್ಕಾಗಲೂ ನಾನು ಅಷ್ಟು ಎದೆಯುಬ್ಬಿಸಿ ನಿಂತಿರಲಿಲ್ಲ. ಪಕ್ಕದಲ್ಲಿದ್ದ ಅಪರಿಚಿತರೊಬ್ಬರಿಗೆ, ಅವರು ಕೇಳದಿದ್ದರೂ, “ನಮ್ಮದೇ,” ಎಂದೆ.

ದ್ವೀಪದಲ್ಲಿ ನಮಗೆ ಸಿಕ್ಕ ಕ್ವಾರ್ಟರ್ಸು ಒಂದು ತಗ್ಗಿನಲ್ಲಿತ್ತು. ಅಂಗಳದಿಂದ ಏರು ಹತ್ತಿ ಮೇಲಿನ ತಿರುವಿಗೆ ಹೋದರೆ ಮಾತ್ರ ಇಳಿಜಾರು. ಆದರೆ ಈಗ ಅದರ ಚಿಂತೆ ಯಾಕೆ? ಇಸ್ಮಾಯಿಲನ ಸೆಲ್ಫ್ ದಿನಾ ಬೆಳಿಗ್ಗೆ ಒಂದೇ ಸಲಕ್ಕೆ ಗುರ್ ಎನ್ನುತ್ತಿತ್ತು. ನಾನು ಒಬ್ಬನೇ ಕೂತು, ಒಬ್ಬನೇ ಹೋಗಿ, ಒಬ್ಬನೇ ಬರುತ್ತಿದ್ದೆ. ಎದುರು ಮನೆಯ ಬಂಗಾಳಿ ದಾದಾ ಪೇಪರಿನ ಮೇಲಿನಿಂದ ನೋಡಿ ಮತ್ತೆ ಪೇಪರಿಗೆ ಇಳಿಯುತ್ತಿದ್ದರು. ಮೇಲಿನ ಸಾಲಿನ ತಮಿಳರು ತಲೆಯಾಡಿಸಿ ದಾರಿ ಬಿಡುತ್ತಿದ್ದರು. ಸಂಜೆ ಮನೆಗೆ ಬಂದರೆ ಗಿರಿಜೆ ಬಾಗಿಲಲ್ಲೇ ನಿಂತಿರುತ್ತಿದ್ದಳು. ಹನ್ನೆರಡನೇ ದಿನ ಅವಳು ಮಾತು ಸುರಿಯಲೂ ಇಲ್ಲ, ಕಣ್ಣು ಒರೆಸಿಕೊಂಡು ಒಳಗೆ ಹೋದಳು.

ಆ ಸಂಜೆ ನಾನು ಜೀವನದಲ್ಲಿ ಮೊದಲ ಬಾರಿಗೆ ಟಿಪ್ಪಣಿಯಿಲ್ಲದೆ, ಸಹಿಯಿಲ್ಲದೆ ಒಂದು ತೀರ್ಮಾನ ತೆಗೆದುಕೊಂಡೆ. ಗಾಳಿ ಸೇವನೆಗೆ ಬಂದವನಂತೆ ಅಂಗಳಕ್ಕಿಳಿದು, ಬಾನೆಟ್ ಎತ್ತಿ, ಸೆಲ್ಫಿಗೆ ಹೋಗುವ ವೈರನ್ನು ಕಿತ್ತುಬಿಟ್ಟೆ. ಮರುದಿನ ಕನ್ನಡಕ ಎಲ್ಲೋ ಸಿಗದೆ ಹಳೆಯದನ್ನೇ ಹಾಕಿಕೊಂಡು ಕಾರಿನಲ್ಲಿ ಕುಳಿತು ಕೀಲಿ ತಿರುಗಿಸಿದೆ. ಕಾರು ಪಿಟ್ಟೆನ್ನಲಿಲ್ಲ. ಇಳಿದು, ಸೊಂಟದ ಮೇಲೆ ಕೈಯಿಟ್ಟು, ನಾಲ್ಕು ಮನೆಗೆ ಕೇಳುವಂತೆ “ಅಯ್ಯೋ!” ಎಂದೆ. ದಾದಾ ಪೇಪರು ಕೆಳಗಿಟ್ಟರು. ತಮಿಳರು ಲುಂಗಿ ಎತ್ತಿ ಕಟ್ಟಿದರು. ಏರಾದ್ದರಿಂದ ಏಳು ಜನ ಸಾಲಲಿಲ್ಲ, ಹನ್ನೊಂದು ಜನ ಬೇಕಾದರು! ಮೆಟ್ಟಿಲ ಮೇಲಿನಿಂದ ಗಿರಿಜೆ ಬಂಗಾಳಿಗಳಿಗೂ ತಮಿಳರಿಗೂ ಒಂದೇ ಸಮನೆ “ಅಜೂನ್ ಥೋಡಂ! ಅಜೂನ್ ಥೋಡಂ!” ಎಂದು ಮರಾಠಿಯಲ್ಲಿ ಕೂಗಿದಳು, ಅವರೂ ಅದನ್ನೇ ಕೂಗುತ್ತ ತಳ್ಳಿದರು. ತಿರುವಿನಾಚೆ ಇಳಿಜಾರಿನಲ್ಲಿ ಕಾರು ಬಿಕ್ಕಳಿಸಿ ಜಿಗಿಯಿತು. ಗಿರಿಜೆ ತಳ್ಳಿದವರನ್ನೆಲ್ಲ ಗಿರ್ಮಿಟ್ಟಿಗೆ ಕರೆದಳು, ನಾನು ಹಾರ್ನು ಬಾರಿಸುತ್ತ ಕಚೇರಿಗೆ ಹೋದೆ. ದೇಶ ಗೆದ್ದು ಬಂದವರೂ ಅಷ್ಟು ಜೋರಾಗಿ ಬಾರಿಸಿರಲಾರರು.

ಸಂಜೆ ಮನೆಗೆ ಬಂದರೆ ಜಗಲಿಯಲ್ಲಿ ಐದು ಜನ ಹೆಂಗಸರು ಕೂತಿದ್ದರು. ಯಾರ ಭಾಷೆಯೂ ಯಾರಿಗೂ ತಿಳಿಯದಿದ್ದರೂ ಎಲ್ಲರೂ ನಗುತ್ತಿದ್ದರು. ಅವರು ಹೋದ ಮೇಲೆ ನನಗೊಂದು ಅನುಮಾನ ಬಂತು. “ಅಲ್ಲ ಗಿರಿಜಾ, ಅಷ್ಟು ಮಂದಿಗೆ ಗಿರ್ಮಿಟ್ಟು ಅಷ್ಟು ಜಲ್ದಿ ಹೆಂಗ ಮಾಡಿದಿ?”

“ಮುಂಜಾನೆ ಐದಕ್ಕ ಎದ್ದು ಮಾಡಿಟ್ಟಿದ್ದೆ. ಇವತ್ತ ಆ ಹಾಳ ವೈರು ನಾನ ಕೀಳಬೇಕಂತ ಹೋಗಿದ್ದೆ,” ಎಂದು ಅವಳು ಸೆರಗಿನ ಗಂಟಿನಿಂದ ನನ್ನ ಕನ್ನಡಕ ತೆಗೆದು ಕೈಗಿಟ್ಟಳು. “ಬಾನೆಟ್ ಎತ್ತಿದ್ರ ವೈರು ಮೊದಲ ಕಿತ್ತಿತ್ತು. ಬಾಜೂಕ ಇದು ಬಿದ್ದಿತ್ತು. ಕಳ್ಳತನಾ ಮಾಡಾಕೂ ಬರೋದಿಲ್ಲ ನಿಮಗ.”

ಆಮೇಲೆ ಅವಳು ಆ ಹಳೇ ಫೈಲನ್ನು ತರಿಸಿಕೊಂಡು, ‘ಸೆಲ್ಫ್ ರಿಪೇರಿ ಮಾಡಿಸಕೂಡದು’ ಎಂದು ಬರೆದು, ಮೇಲಧಿಕಾರಿ ಸಹಿ ಮಾಡುವ ಜಾಗದಲ್ಲಿ ಸಹಿ ಹಾಕಿದಳು. ವೈರು ಕಿತ್ತದ್ದು ಬದುಕಿನಲ್ಲಿ ನಾನೇ ಸ್ವಂತವಾಗಿ ತೆಗೆದುಕೊಂಡ ಒಂದೇ ಒಂದು ತೀರ್ಮಾನ. ಕನ್ನಡಕ ಹಾಕಿಕೊಂಡು, ಅವಳ ಸಹಿಯ ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ಬರೆದು ಚಹಾ ಕುಡಿದೆ.