ಗಣಪನಿಗೆ ಏಳು ಎಲೆ ಕಮ್ಮಿ

ದೇವರು ನನಗೆ ಕೊಟ್ಟ ಅನುಕೂಲಗಳನ್ನು ದಿನಾ ಬೆಳಿಗ್ಗೆ ಹಾಲು ಕಾಯುವಷ್ಟರಲ್ಲಿ ಎಣಿಸಿ ಮುಗಿಸುವುದು ನನ್ನ ಅಭ್ಯಾಸ. ನಲ್ಲಿಯಲ್ಲಿ ನೀರು ಬಂತು, ಒಂದು. ಮಂಡಿನೋವು ಎಡಗಾಲಿಗಷ್ಟೇ ಇದೆ, ಎರಡು. ಯಜಮಾನರು ಕವಿತೆ ಬರೆಯುತ್ತಾರೆ ಎನ್ನುವಲ್ಲಿಗೆ ಬಂದಾಗ ಇದನ್ನು ಅನುಕೂಲಕ್ಕೆ ಸೇರಿಸಬೇಕೋ ಬೇಡವೋ ಎಂದು ತಡವರಿಸುತ್ತೇನೆ. ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ನಮ್ಮವರು ಮಂಡ್ಯದಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿದ್ದರು. ನಿವೃತ್ತರಾದ ಮೇಲೆ ಪ್ರಕೃತಿ ಕವಿಗಳಾದರು. ಬೆಳಿಗ್ಗೆ ಕಾಫಿ ಲೋಟ ಕೈಗೆ ಬಂದೊಡನೆ ಭೂಮಿ ಕಾದು ಕೆಂಡವಾಗುತ್ತದೆ, ಎರಡನೇ ಕಾಫಿಗೆ ನದಿಗಳು ಬತ್ತುತ್ತವೆ. ಅವರ ಪದ್ಯದಲ್ಲಿ ಕಾನನ ಉಂಟು, ಕೋಗಿಲೆ ಉಂಟು, 'ಓ ಹಸಿರೇ' ಎಂಬ ಕರೆ ಪುಟಕ್ಕೆ ನಾಲ್ಕು ಸಲ ಉಂಟು. ಆದರೆ ಹಿತ್ತಿಲಿನ ಕರಿಬೇವಿಗೆ ನೀರು ಹಾಕಿ ಎಂದರೆ, "ಅದ್ಯಾವುದೇ ಕರಿಬೇವು?" ಎಂದು ಕೇಳುತ್ತಾರೆ. ಅವರನ್ನು ಆಡಿಕೊಳ್ಳುವ ಹಕ್ಕು ನನಗೇನೂ ಹೆಚ್ಚಿಲ್ಲ. ಕಸ ಗುಡಿಸುವ ಬೇಸರಕ್ಕೆ ಎದುರು ಮನೆಯ ಹೊಂಗೆಮರಕ್ಕೆ ನಾನೂ ಬಾಯಿಗೆ ಬಂದಂತೆ ಶಾಪ ಹಾಕಿದವಳೇ.

ನನ್ನ ಸಂಕಟ ಶುರುವಾದದ್ದು ಗೌರಿ-ಗಣೇಶ ಹಬ್ಬಕ್ಕೆ ಹತ್ತು ದಿನವಿದ್ದಾಗ. ಗಣಪನಿಗೆ ಇಪ್ಪತ್ತೊಂದು ಬಗೆಯ ಪತ್ರೆ ಏರಿಸುವುದು ನಮ್ಮ ಮನೆಯ ಪದ್ಧತಿ. ನಾನು ಮದುವೆಯಾಗಿ ಬಂದ ವರ್ಷ ಅತ್ತೆಯವರು, "ಕಡುಬು ಕಮ್ಮಿಯಾದ್ರೆ ನಾವು ಕಮ್ಮಿ ತಿಂದ್ರಾಯ್ತು. ಎಲೆ ಮಾತ್ರ ಕಮ್ಮಿ ಆಗ್ಬಾರ್ದು ಕಣಮ್ಮ" ಎಂದಿದ್ದರು. ಆಗೆಲ್ಲ ಸೊಪ್ಪಿನ ಕುಕ್ಕೆ ಹಿಡಿದು ಹೊರಟರೆ ಒಂದು ಗಂಟೆಯೊಳಗೆ ಇಪ್ಪತ್ತೊಂದೂ ಸಿಗುತ್ತಿದ್ದವು. ಹೋದ ವರ್ಷ ಹದಿನಾಲ್ಕಕ್ಕೇ ನಿಂತುಹೋಯಿತು. ಪೇಟೆಯಲ್ಲಿ ಮಾರುವ ಪತ್ರೆಯ ಕಟ್ಟು ತಂದು ಬಿಚ್ಚಿದರೆ ಒಂದೇ ಹೊಂಗೆಸೊಪ್ಪನ್ನು ಐದು ತರ ಮಡಿಸಿಟ್ಟಿದ್ದರು. ಉಳಿದ ಏಳಕ್ಕೆ ಅಕ್ಷತೆ ಹಾಕಿ, "ತಪ್ಪಾಯ್ತಪ್ಪ, ಮುಂದಿನ ಸಲ ಇಪ್ಪತ್ತೊಂದೂ ತರ್ತೀನಿ" ಎಂದು ಕೆನ್ನೆ ಬಡಿದುಕೊಂಡಿದ್ದೆ. ದೇವರಿಗೆ ಕೊಟ್ಟ ಮಾತು. ಅತ್ತೆಯವರೂ ಮೇಲಿನಿಂದ ಎಣಿಸುತ್ತಿರುತ್ತಾರೆ.

ಈ ಸಲ ಉತ್ತರಾಣಿ ತನ್ನಿ ಎಂದು ಕವಿಗಳನ್ನೇ ಕಳಿಸಿದೆ. ಪಾರ್ಥೇನಿಯಂ ತಂದರು. "ಹಸಿರಾಗೇ ಇದೆಯಲ್ಲೇ" ಎಂದು ವಾದ ಬೇರೆ! ಕೊನೆಗೆ ನಾನೇ ಕೂತು, ಸಿಗದ ಏಳು ಎಲೆಗಳ ಹೆಸರನ್ನೂ ಅವು ಮೊದಲು ಎಲ್ಲೆಲ್ಲಿದ್ದವು ಎಂಬುದನ್ನೂ ಹಳೇ ಕ್ಯಾಲೆಂಡರಿನ ಹಾಳೆಯೊಂದರ ಹಿಂದೆ ಬರೆದು ಪರ್ಸಿಗೆ ಹಾಕಿಕೊಂಡೆ.

ಮಾರನೇ ದಿನ ಮದ್ದೂರಿನಲ್ಲಿ ಪರಿಸರ ಕವಿಗೋಷ್ಠಿ. ಹೊಳೆಯ ಕಡೆ ಏನಾದರೂ ಸಿಕ್ಕೀತೆಂದು ನಾನೂ ಯಜಮಾನರ ಜೊತೆ ಬಸ್ಸು ಹತ್ತಿದೆ. ಸಭಾಂಗಣದಲ್ಲಿ ಹನ್ನೆರಡು ಕವಿಗಳು. ಹನ್ನೆರಡು ಜನರೂ ಮರಕ್ಕಾಗಿ ಅತ್ತರು. ಅವರ ಮುಂದೆ ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು ನಗುತ್ತಿತ್ತು. ನಮ್ಮವರ 'ಓ ಹಸಿರೇ' ಮುಗಿಯುವ ಹೊತ್ತಿಗೆ ಹಿಂದಿನ ಸಾಲು ವಡೆಯ ವಾಸನೆ ಹಿಡಿದು ಎದ್ದುಹೋಗಿತ್ತು. ಅಷ್ಟರಲ್ಲಿ ವ್ಯವಸ್ಥಾಪಕರು ನನ್ನ ಬಳಿ ಓಡಿಬಂದರು. "ಅಮ್ಮಾ, ಬರಬೇಕಾದ ಮೇಡಮ್ಮು ಬರ್ಲಿಲ್ಲ. ಬ್ಯಾನರಲ್ಲಿ ಮಹಿಳಾ ಕವಿ ಅಂತ ಹಾಕ್ಸ್‌ಬುಟ್ಟಿದ್ದೀವಿ. ನೀವೇ ಏನಾದ್ರೂ ಓದ್ಬುಡಿ."

"ಅಯ್ಯೋ, ನಂಗೆ ಕವಿತೆ ಬರಕ್ಕಿಲ್ಲ ಕಣಪ್ಪ" ಎಂದೆ. "ಇಲ್ಲಿ ಯಾರಿಗ್ ಬತ್ತದೆ ಬುಡಿ" ಎಂದು ಕೈಹಿಡಿದು ಎಬ್ಬಿಸಿಯೇಬಿಟ್ಟರು.

ಮೈಕಿನ ಮುಂದೆ ನಿಂತಾಗ ಗಣಪನೇ ಬುದ್ಧಿ ಕೊಟ್ಟ. ಇಷ್ಟು ಊರಿನ ಜನ ಸೇರಿದ್ದಾರೆ, ಎಲೆಯ ವಿಚಾರವನ್ನೇ ಕೇಳಿಬಿಡೋಣ ಎನ್ನಿಸಿತು. "ನಾನು ಕವಿಯಲ್ಲ. ಹಬ್ಬಕ್ಕೆ ಏಳು ಎಲೆ ಬೇಕು. ಇರೋ ಜಾಗ ಗೊತ್ತಿದ್ದರೆ ದಯವಿಟ್ಟು ಹೇಳಿ" ಎಂದು ಚೀಟಿ ಬಿಡಿಸಿ ಓದಿದೆ.

"ಉತ್ತರಾಣಿ. ನಮ್ಮನೆ ಹಿಂದಿನ ಖಾಲಿ ಸೈಟಿನಲ್ಲಿತ್ತು. ಈಗ ಅಲ್ಲಿ ಮೂರಂತಸ್ತು.
ಎಕ್ಕ. ದೊಡ್ಡ ರಸ್ತೆಯ ಪಕ್ಕ ಇತ್ತು. ರಸ್ತೆ ಇನ್ನೂ ದೊಡ್ಡದಾಯಿತು.
ವಿಷ್ಣುಕ್ರಾಂತಿ. ನಾಲೆಯ ಏರಿಯ ಮೇಲಿತ್ತು. ಏರಿಗೆ ಸಿಮೆಂಟು ಬಂತು.
ಲಕ್ಕಿ. ಹೊಳೆಯ ದಂಡೆಯಲ್ಲಿತ್ತು. ಮರಳು ತೆಗೆದವರು ದಂಡೆಯನ್ನೂ ತೆಗೆದರು.
ಎಲಚಿ. ಶಾಲೆಯ ಹಿಂದಿತ್ತು. ಮಕ್ಕಳು ಕಲ್ಲು ಹೊಡೀತಾರೆ ಅಂತ ಕಡಿಸಿದರು. ಈಗ ಮಕ್ಕಳೂ ಇಲ್ಲ, ಶಾಲೆಗೆ ಬೀಗ.
ಮತ್ತಿ. ಕೆರೆಯ ಕೋಡಿಯಲ್ಲಿತ್ತು. ಯಾರದೋ ಮನೆಯ ಬಾಗಿಲಾಯಿತು.
ಬನ್ನಿ. ಬಸರಾಳಿನ ದಾರಿಯಲ್ಲಿದೆ. ಸುತ್ತ ಬೇಲಿ, ಮುಂದೆ ಗೇಟು."

ಓದಿ ತಲೆಯೆತ್ತಿದೆ. ವಡೆಗೆ ಹೋದವರು ವಡೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಚಪ್ಪಾಳೆ ಬಿತ್ತು ನೋಡಿ! "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಕೂಗಿದರು. ಕೇಳಿಸಿಲ್ಲವೇನೋ ಎಂದು ನಾನು ಇನ್ನೂ ಗಟ್ಟಿಯಾಗಿ, ನಿಧಾನವಾಗಿ, ಕಿವುಡರಿಗೆ ಹೇಳುವಂತೆ ಓದಿದೆ. ಅಧ್ಯಕ್ಷರು ಕಣ್ಣೊರೆಸಿಕೊಂಡು ಏನೇನೋ ದೊಡ್ಡ ಮಾತಾಡಿದರು. ನನಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಎಲೆ ಎಲ್ಲಿದೆ ಎಂದು ಅವರು ಹೇಳಲಿಲ್ಲವಲ್ಲ!

ಹೇಳಿದವರು ಆಮೇಲೆ ಬಂದರು. ಹಲಗೂರು ಕಡೆಯ ಹಿರಿಯರೊಬ್ಬರು, "ಏ ತಾಯಿ, ಲಕ್ಕಿಗ್ಯಾಕೆ ಇಷ್ಟು ಸಂಕ್ಟ ಪಡ್ತೀಯೆ? ನಮ್ ತ್ವಾಟದ ಬೇಲಿನೇ ಲಕ್ಕಿ. ಆಡು ಮುಟ್ಟಕ್ಕಿಲ್ಲ ಅಂತ ಹಾಕಿರಾದು. ಎಕ್ಕನೂ ಅಲ್ಲೇ ಅದೆ, ಎಲಚಿನೂ ಅದೆ. ಹಬ್ಬದ ಹಿಂದ್ಲು ದಿನ ಬಸ್ಸಲ್ಲಿ ಕಳಿಸ್ತೀನಿ ಬುಡು" ಎಂದರು. ವಡೆ ಹಂಚುತ್ತಿದ್ದ ಹೆಂಗಸು, "ಉತ್ತರಾಣಿ ನಂ ಸೀರೆಗೇ ಅಂಟ್ಕಂಡು ಬತ್ತದೆ ಕಣಕ್ಕ. ವಿಷ್ಣುಕ್ರಾಂತಿ ಅಂದ್ರೆ ಆ ನೀಲಿ ಹೂವಿಂದಲ್ವಾ? ನಮ್ ಹೊಲದ ಬದೀಲದೆ" ಎಂದಳು. ಎಲ್ಲರಿಗಿಂತ ಜೋರಾಗಿ ಮರಕ್ಕೆ ಅತ್ತಿದ್ದ ಕವಿಯೊಬ್ಬರು ಕೊನೆಯಲ್ಲಿ ತಲೆ ಕೆರೆದುಕೊಂಡು ಬಂದು ಮೆಲ್ಲಗೆ ಹೇಳಿದರು: "ಆ ಬಸರಾಳು ದಾರಿ ಗೇಟು ನಮ್ದೇ ಕಣಮ್ಮ. ಬನ್ನಿ, ಬೀಗ ತೆಗೀತೀನಿ."

ಉಳಿದದ್ದು ಮತ್ತಿ ಒಂದೇ. ಹಬ್ಬದ ಹಿಂದಿನ ದಿನ ನಮ್ಮವರು ಹೇಳದೆ ಕೇಳದೆ ಶಿಂಷಾ ದಂಡೆಗೆ ಹೋಗಿ ಸಂಜೆ ಕೆಸರುಗಾಲಲ್ಲಿ ಬಂದರು. ಕೈಯಲ್ಲಿ ಒಂಬತ್ತು ಬಗೆಯ ಎಲೆ, ಒಂದೊಂದಕ್ಕೂ ನಂಬರಿನ ಚೀಟಿ. "ಯಾವುದೋ ಒಂದಾದರೂ ಸರಿಯಿರಬೇಕಲ್ಲ. ಲೆಕ್ಕಾಚಾರ" ಎಂದರು. ಏಳನೇ ನಂಬರು ಮತ್ತಿಯಾಗಿತ್ತು! ನಲವತ್ತು ವರ್ಷದಲ್ಲಿ ಅವರ ಲೆಕ್ಕವನ್ನು ನಾನು ಬಾಯಿ ಮುಚ್ಚಿ ಒಪ್ಪಿಕೊಂಡದ್ದು ಅದೇ ಮೊದಲು.

ಹಬ್ಬದ ದಿನ ಇಪ್ಪತ್ತೊಂದು ಎಲೆಯನ್ನೂ ಒಂದೊಂದಾಗಿ ಏರಿಸಿದೆ. ಎರಡು ಸಲ ಎಣಿಸಿದೆ, ಅತ್ತೆಯವರಿಗೆ ಕೇಳಿಸಲಿ ಎಂದು ಗಟ್ಟಿಯಾಗಿಯೇ. ಗಣಪ ಎಲೆಯೊಳಗೆ ಮುಚ್ಚಿಹೋಗಿ ಸೊಂಡಿಲಷ್ಟೇ ಕಾಣುತ್ತಿತ್ತು. ಅವತ್ತು ನನ್ನ ಮಂಡಿ ಕೂಡ ನೋಯಲಿಲ್ಲ.

ಹೋದ ವಾರ ಮಳವಳ್ಳಿಯಿಂದ ಕವಿಗೋಷ್ಠಿಯ ಆಹ್ವಾನ ಬಂತು. ನನ್ನ ಹೆಸರಿನ ಹಿಂದೆ 'ಖ್ಯಾತ ಪರಿಸರ ಕವಯಿತ್ರಿ' ಎಂದಿತ್ತು. ಬರಿಯ ಪಟ್ಟಿ ಹಿಡಿದು ಹೋದರೆ ಚೆನ್ನಾಗಿರುತ್ತದೆಯೇ? ಒಲೆಯ ಮೇಲೆ ಹಾಲಿಟ್ಟು, ಕನ್ನಡಕ ಏರಿಸಿ, 'ಓ ಪ್ರಕೃತಿ ಮಾತೆಯೇ' ಎಂದು ಶುರುಮಾಡಿ ಎರಡು ಪುಟ ಬರೆದೆ. ಬಹಳ ಗಂಭೀರವಾಗಿ ಬಂತು. ಯಜಮಾನರು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಲ್ಲಾ ಸರಿ ಕಣೇ," ಎಂದರು, "ಇದರಲ್ಲಿ ಒಂದು ಎಲೆನೂ ಇಲ್ವಲ್ಲ."

ಅಷ್ಟರಲ್ಲಿ ಹಾಲು ಉಕ್ಕಿತ್ತು.