ಆಂಟಾಪ್ ಹಿಲ್‌ನ ನೀರಾವರಿ ಭತ್ತ

ಮುಂಬೈನ ಆಂಟಾಪ್ ಹಿಲ್‌ನ ಚಾಳೊಂದರ ತಗಡಿನ ಸೂರಿನ ಮೇಲೆ ಭತ್ತದ ಬೆಳೆ ಪತ್ತೆಯಾಗಿದೆ. ಕೃಷಿಗೆ ಬಳಕೆಯಾಗುವ ಅಂತರ್ಜಲವನ್ನು ಉಪಗ್ರಹ ಚಿತ್ರಗಳಿಂದ ಅಂದಾಜು ಮಾಡುವ ಕಚೇರಿಯೊಂದು ಇದನ್ನು ಏಪ್ರಿಲ್‌ನಲ್ಲಿ ಕಂಡುಹಿಡಿಯಿತು. ನಕ್ಷೆಯಲ್ಲಿ ಹಸಿರು ಕಂಡರೆ ಬೆಳೆ. ಬಿರುಬೇಸಿಗೆಯಲ್ಲೂ ಹಸಿರು ಕಂಡರೆ ಬೋರ್‌ವೆಲ್ ನೀರು. ಇದು ನಿಯಮ.

ಸದರಿ ಸೂರಿನ ಕೆಳಗೆ ವಾಸವಿರುವವರು ವಿಜಯಪುರ ಕಡೆಯ ಅಖ್ತರಿ, ವೃತ್ತಿಯಿಂದ ದರ್ಜಿ. ಹೋದ ಮಳೆಗಾಲದಲ್ಲಿ ಮನೆ ಸೋರಿದ್ದಕ್ಕೆ ಹಸಿರು ತಾಡಪತ್ರಿ ಹೊದಿಸಿದ್ದರು. ಅಂತರ್ಜಲದ ಅತಿಬಳಕೆಗಾಗಿ ಅವರ ನಲ್ಲಿ ಸಂಪರ್ಕ ಕಡಿಯಲಾಯಿತು.

ಸ್ಥಳ ಪರಿಶೀಲನೆಗೆ ಮೈಸೂರಿನವರಾದ ಅಧಿಕಾರಿ ಸತ್ಯಮೂರ್ತಿ ಬಂದರು. ಏಣಿ ಹತ್ತಿ ಬೆಳೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಸಾಹೇಬ್ರ, ಪ್ಲಾಸ್ಟಿಕ್ ಐತ್ರಿ ಅದು," ಎಂದರು ಅಖ್ತರಿ ಕೆಳಗಿನಿಂದ.

"ನಂಗೂ ಹಾಗೇ ಕಾಣ್ಸುತ್ತೆ ಕಣಮ್ಮ. ಆದ್ರೆ ನನ್ನ ಕಣ್ಣಿಗೆ ಮಾನ್ಯತೆ ಇಲ್ಲ. ಉಪಗ್ರಹ ಒಪ್ಪಬೇಕು."

"ಮತ್ತ ನೀರು?"

"ಕೊಯ್ಲು ಆದ್ಮೇಲೆ ಬರುತ್ತೆ."

"ಯಾವಾಗ್ರಿ ಕೊಯ್ಯೂದು ಇದನ್ನ?"

"ಕಾಳು ಕಟ್ಟಲಿ," ಎಂದು ಸತ್ಯಮೂರ್ತಿ ಸಮಾಧಾನ ಹೇಳಿ ಇಳಿದು ಹೋದರು.

ಪಕ್ಕದ ಮನೆಯ ಶರಣವ್ವ ತಮ್ಮ ಕೊಡದ ನೀರನ್ನು ಅಖ್ತರಿಯ ಹಂಡೆಗೆ ಸುರಿಯುತ್ತಿದ್ದರು. "ದಿನಾ ನಿನಗ ನೀರ ಹೊತ್ತು ನನ್ನ ಸೊಂಟ ಹೋತು. ಕಿತ್ತು ಒಗಿ ಅದನ್ನ!"

"ಕಿತ್ತರ ಮಳಿ ಮನಿಯೊಳಗ ಬರ್ತೈತಿ, ಕೀಳಲಿಲ್ಲಂದ್ರ ನಳದಾಗ ನೀರು ಬರಂಗಿಲ್ಲ. ಏನ್ ಮಾಡ್ಲಿ ಹೇಳು."

"ಹೊಳ್ಳಿಸಿ ಹಾಕು. ಆ ಮಗ್ಗಲ ನೀಲಿ ಐತಲ್ಲ!"

ತಾಡಪತ್ರಿ ಮಗುಚಿದ ಮೇಲೆ ಬಂದ ಉಪಗ್ರಹ ಚಿತ್ರದಲ್ಲಿ ಭತ್ತವಿರಲಿಲ್ಲ, ಕೆರೆಯಿತ್ತು. ನಲ್ಲಿಗೆ ನೀರು ಬಂತು. ಬೇಸಾಯ ಬಿಟ್ಟು ಕೆರೆ ಕಟ್ಟಿಸಿ ಅಂತರ್ಜಲ ಹೆಚ್ಚಿಸಿದ್ದಕ್ಕಾಗಿ ಅಖ್ತರಿಯವರಿಗೆ ಶಾಲು ಹೊದಿಸಲಾಯಿತು. ಶಾಲು ಹಸಿರಾಗಿದ್ದುದರಿಂದ ಅದನ್ನು ಹೊರಗೆ ಒಣಹಾಕಬಾರದೆಂದು ಸತ್ಯಮೂರ್ತಿ ಕಿವಿಯಲ್ಲಿ ಹೇಳಿದರು.

ಜೂನ್‌ನ ಮೊದಲ ಮಳೆಗೆ ಮನೆ ಸೋರಲಿಲ್ಲ. ಕೆರೆಯಿಂದ ಹನಿ ನೀರೂ ಪೋಲಾಗಿಲ್ಲವೆಂದು ವರದಿ ಹೋಯಿತು. ಚಾಳಿನ ಉಳಿದವರೂ ಈಗ ನೀಲಿ ತಾಡಪತ್ರಿ ಹಾಕಿಸಿದ್ದಾರೆ. ಸೂರುಗಳ ಮೇಲೆ ಈಜುವುದನ್ನು ನಿಷೇಧಿಸಿ ಫಲಕ ನಿಲ್ಲಿಸಲಾಗಿದೆ. ಈವರೆಗೆ ಯಾರೂ ಉಲ್ಲಂಘಿಸಿಲ್ಲ.